ಬಾಗಲಕೋಟೆಯ ಸಹಕಾರಿ ಬ್ಯಾಂಕಿನಲ್ಲಿ ಕೆಲಸ, ವಯಸ್ಸು 42. ಈಗ ನಾಯಕತ್ವ, ಆಡಳಿತದ ಪದವಿ ಓದಬಹುದಾ?
ಧಾರಾಳವಾಗಿ ಓದಿ, ಕೆಲಸ ಬಿಡೋದೂ ಬೇಡ. ಮನೆಯಿಂದಲೇ ಓದುವ ದೂರಶಿಕ್ಷಣ ಕೊಡುವ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಎಂಬಿಎಗೆ ವಯಸ್ಸಿನ ಮಿತಿ ಇಲ್ಲ. ಪದವಿಯಲ್ಲಿ ಶೇ 50 ಅಂಕ ಇರಬೇಕು, ಮೀಸಲಾತಿ ಇದ್ದವರಿಗೆ ಶೇ 45. ಪ್ರಾದೇಶಿಕ ಕೇಂದ್ರ ಪಕ್ಕದ ವಿಜಯಪುರದಲ್ಲೇ ಇದೆ. ಎರಡು ವರ್ಷದ ಕೋರ್ಸನ್ನು ನಾಲ್ಕು ವರ್ಷದವರೆಗೆ ಎಳೆಯಬಹುದು. ಮಾರ್ಚ್ ಲೆಕ್ಕದ ಗಡಿಬಿಡಿ ಗೊತ್ತಲ್ಲ, ನಿಮ್ಮಂಥವರಿಗೆ ಇದೇ ದೊಡ್ಡ ಅನುಕೂಲ.

ಜಾಸ್ತಿ ಜನ ಎಡವೋದು ಅಸೈನ್‌ಮೆಂಟ್‌ನಲ್ಲಿ. ಅದಕ್ಕೆ ಶೇ 30 ಅಂಕ ಇದೆ. ಸಿಬ್ಬಂದಿ ಜಗಳ ಬಗೆಹರಿಸೋದು ಹೇಗೆ ಅಂತ ಕೇಳಿದರೆ ಸುಮ್ನೆ ಪುಸ್ತಕ ನಕಲು ಮಾಡಬೇಡಿ. ಕ್ಯಾಶ್ ಕೌಂಟರಿನವರಿಗೂ ಸಾಲ ವಿಭಾಗದವರಿಗೂ ಒಂದು ಫೈಲಿಗಾಗಿ ಕಿತ್ತಾಟ ಆದಾಗ ಮ್ಯಾನೇಜರ್ ಏನು ಮಾಡಿದರು, ಅದನ್ನೇ ಬರೆಯಿರಿ. ಇಪ್ಪತ್ತರ ಹುಡುಗರ ಹತ್ತಿರ ಆ ಸರಕು ಇರಲ್ಲ ಅಲ್ವಾ?