ಆರ್‌ಸಿ ಅಪ್ಪನ ಹೆಸರಲ್ಲಿ, ಇನ್ಶೂರೆನ್ಸ್ ಯಾರ ಹೆಸರಲ್ಲಿ?

ಪ್ರಶ್ನೆ: ಅಪ್ಪ ಹೋದ ವರ್ಷ ತೀರಿಕೊಂಡರು. ಕಾರಿನ ಆರ್‌ಸಿ ಇನ್ನೂ ಅವರ ಹೆಸರಲ್ಲೇ ಇದೆ, ಓಡಿಸುತ್ತಿರುವುದು ನಾನು. ಇನ್ಶೂರೆನ್ಸ್ ಮುಗಿಯುತ್ತಾ ಬಂತು ಅಂತ ಆನ್‌ಲೈನ್‌ನಲ್ಲಿ ಅವರ ಹೆಸರಿಗೇ ದುಡ್ಡು ಕಟ್ಟಿದೆ. ಅಷ್ಟು ಸಾಕಲ್ವಾ? ಅಥವಾ ನನ್ನ ಹೆಸರಲ್ಲಿ ಮಾಡಿಸಲಾ?
— ಓದುಗರು, ಪೊನ್ನಂಪೇಟೆ

ಉತ್ತರ: ಸಾಲದು. ಅಪ್ಪ ಇಲ್ಲ ಅನ್ನುವುದು ದುಡ್ಡು ಕಟ್ಟುವಾಗ ಕಂಪನಿಗೆ ಗೊತ್ತಾಗುವುದಿಲ್ಲ, ಕ್ಲೇಮ್ ಹಾಕಿದಾಗ ಗೊತ್ತಾಗುತ್ತದೆ. ಮಳೆಗಾಲದಲ್ಲಿ ತೋಟದ ಸಿಲ್ವರ್ ಓಕ್ ಮುರಿದು ಕಾರಿನ ಮೇಲೆ ಬಿತ್ತು ಅಂದುಕೊಳ್ಳಿ. ಕಂಪನಿಯವರು ಮೊದಲು ಕೇಳುವುದೇ ಆರ್‌ಸಿ ಮತ್ತು ಪಾಲಿಸಿಯಲ್ಲಿರುವವರ ಸಹಿ. ಅದನ್ನು ಎಲ್ಲಿಂದ ತರುತ್ತೀರಿ? ಓಡಿಸುವ ಮಾಲೀಕರಿಗೆ ಸಿಗುವ 15 ಲಕ್ಷದ ಅಪಘಾತ ವಿಮೆಯೂ ಅಷ್ಟೇ, ಆರ್‌ಸಿಯಲ್ಲಿ ಹೆಸರಿದ್ದವರಿಗೆ ಮಾತ್ರ. ನಿಮಗೇನಾದರೂ ಆದರೆ ಮನೆಯವರ ಕೈಗೆ ಆ ಹಣ ಬರುವುದಿಲ್ಲ. ನನಗೆ ಹೆಚ್ಚು ಸಂಕಟವಾಗುವುದು ಇದಕ್ಕೇ.

ಬರೀ ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿದರೂ ಕ್ಲೇಮ್‌ನಲ್ಲಿ ತಕರಾರು ಬರುತ್ತದೆ. ಮೊದಲು ಆರ್‌ಸಿ ಬದಲಾಗಬೇಕು. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಿದರೆ ಮೂರು ತಿಂಗಳು ಗಾಡಿ ಓಡಿಸಬಹುದು, ಅಷ್ಟರಲ್ಲಿ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಕೊಡಿ ಎಂಬ ಅರ್ಜಿ, ಅಂದರೆ ಫಾರಂ 31, ಕೊಡಬೇಕು. ಹಳೇ ಪಾಲಿಸಿ ಕೂಡ ಮೂರು ತಿಂಗಳು, ಇಲ್ಲವೇ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿವರೆಗೆ ನಡೆಯುತ್ತದೆ. ನಿಮಗೆ ಆ 30 ದಿನವೂ ಮೂರು ತಿಂಗಳೂ ದಾಟಿವೆ. ಆದರೂ ಹೆದರಬೇಡಿ, ದಂಡ ಕಟ್ಟಿಯಾದರೂ ಮಾಡಿಸಿಕೊಳ್ಳಿ. ಮರಣ ಪ್ರಮಾಣಪತ್ರ, ಆರ್‌ಸಿ, ಇನ್ಶೂರೆನ್ಸ್ ಹಿಡಿದು ಮಡಿಕೇರಿ ಆರ್‌ಟಿಒಗೆ ಹೋಗಿ. ಅಮ್ಮ, ಅಣ್ಣ ತಮ್ಮಂದಿರ ಒಪ್ಪಿಗೆ ಪತ್ರವನ್ನೂ ಕೇಳುತ್ತಾರೆ. ಪುತ್ತರಿ ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗ ಸಹಿ ಹಾಕಿಸಿಕೊಂಡರಾಯ್ತು ಅಂತ ಸುಮ್ನೆ ಕೂರಬೇಡಿ. ಅಪ್ಪನಿಗೆ ಸೇರಿದ್ದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮಕ್ಕಳಿಗೆ ಬರುತ್ತದೆ, ಅದನ್ನೂ ಕೇಳಿ ಪಡೆಯಿರಿ.

ಪ್ರಶ್ನೆ: ನನ್ನ ಹಳೇ ಜೀಪನ್ನು ಪರಿಚಯದವರಿಗೆ ಮಾರಿದೆ. ಅವರು ಇನ್ನೂ ಹೆಸರು ಬದಲಾಯಿಸಿಲ್ಲ. ನನಗೇನಾದರೂ ತೊಂದರೆಯಾ?
— ಓದುಗರು, ಸೋಮವಾರಪೇಟೆ

ಉತ್ತರ: ಹೌದು, ತೊಂದರೆ ನಿಮಗೇ ಜಾಸ್ತಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರ ಅವರ ತಲೆಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ್ದು ನಿಜ, ದುಡ್ಡು ಬಂದದ್ದೂ ನಿಜ, ಆದರೂ ‘ಮಾರಿಬಿಟ್ಟಿದ್ದೇನೆ’ ಅನ್ನುವ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಗಾಡಿ ಕೊಂಡವರು ಇನ್ಶೂರೆನ್ಸ್ ಬದಲಾಯಿಸಲು 14 ದಿನದೊಳಗೆ ಕಂಪನಿಗೆ ಬರೆಯಬೇಕಿತ್ತು. ಬೇರೆಯವರಿಗಾದ ಹಾನಿಗೆ ಇರುವ ಥರ್ಡ್ ಪಾರ್ಟಿ ವಿಮೆ ತಾನಾಗಿ ಅವರಿಗೆ ಹೋಗುತ್ತದೆ, ಜೀಪಿಗಾದ ಡ್ಯಾಮೇಜ್‌ಗೆ ಇರುವ ವಿಮೆ ಹೋಗುವುದಿಲ್ಲ. ಅವರನ್ನು ಜೊತೆಗೇ ಆರ್‌ಟಿಒಗೆ ಕರೆದುಕೊಂಡು ಹೋಗಿ ಹೆಸರು ಬದಲಾವಣೆಯ ಫಾರಂ 29, 30 ಕೊಟ್ಟು ಬನ್ನಿ. ಬರಲು ಒಪ್ಪದಿದ್ದರೆ ಮಾರಾಟದ ವಿಷಯವನ್ನು ನೀವೇ ಆರ್‌ಟಿಒಗೂ ಕಂಪನಿಗೂ ಬರೆದು ತಿಳಿಸಿ, ಸ್ವೀಕೃತಿ ತೆಗೆದಿಟ್ಟುಕೊಳ್ಳಿ.