ಬೋರ್‌ವೆಲ್ ಮೋಟಾರಿಗೆ ಎಷ್ಟು ಮೆಮೊರಿ ಬೇಕು?

ಪ್ರಶ್ನೆ: ಮೇಡಂ, ನಮ್ಮ ಟೊಮೆಟೊ ತೋಟದ ಬೋರ್‌ವೆಲ್ ಮೋಟಾರಿಗೆ ಆಟೋ ಸ್ಟಾರ್ಟರ್ ಮಾಡುವುದು ನನ್ನ ಪ್ರಾಜೆಕ್ಟ್. ಆರ್ಡುಯಿನೋ ಊನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಇಟ್ಟುಕೊಂಡಿದ್ದೇನೆ. ಅದರ 2 ಕೆಬಿ ರ‍್ಯಾಮ್ ಯಾವ ಮೂಲೆಗೆ ಸಾಲುತ್ತದೆ, 4 ಜಿಬಿವರೆಗೆ ಅಡ್ರೆಸ್ ಮಾಡುವ 32 ಬಿಟ್ ಚಿಪ್ಪೇ ತಗೋ ಎನ್ನುತ್ತಾರೆ ಜೊತೆಯವರು. ಏನು ಮಾಡಲಿ?
– ಡಿಪ್ಲೊಮಾ ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಊನೋ ಧಾರಾಳವಾಗಿ ಸಾಕಮ್ಮ. ಸುಮ್ನೆ ನನ್ನ ಮಾತು ನಂಬಬೇಡ, ಲೆಕ್ಕ ಹಾಕಿ ನೋಡು.

ಮೊದಲು ಆ 4 ಜಿಬಿ. ಅಡ್ರೆಸ್ 32 ಬಿಟ್ ಇದ್ದರೆ ಸುಮಾರು 429 ಕೋಟಿ ಬೈಟ್‌ಗಳಿಗೆ ನಂಬರ್ ಕೊಡಬಹುದು, ಅಷ್ಟೇ. ಲೇಔಟಿನಲ್ಲಿ ಸೈಟ್ ನಂಬರ್ ಹಾಕಿದ ಮಾತ್ರಕ್ಕೆ ಮನೆ ಎದ್ದು ನಿಲ್ಲುವುದಿಲ್ಲ, ಅಲ್ವಾ? ಬ್ಲೂ ಪಿಲ್ ಬೋರ್ಡಿನ ಎಸ್‌ಟಿಎಂ32 ಚಿಪ್ಪೂ 32 ಬಿಟ್ಟಿನದೇ. ಅದರೊಳಗಿನ ರ‍್ಯಾಮ್ 20 ಕೆಬಿ. ನಾನು ಕೋಲಾರದಲ್ಲಿ 8085 ಎಂಬ ಹಳೆಯ ಮೈಕ್ರೋಪ್ರೊಸೆಸರ್ ಪಾಠ ಮಾಡುವಾಗಲೂ ಹೀಗೇ. 16 ಅಡ್ರೆಸ್ ಲೈನಿಗೆ 64 ಕೆಬಿ ಜಾಗವಿತ್ತು. ಕಿಟ್‌ನಲ್ಲಿ ಇದ್ದದ್ದು ಒಂದೇ 6264 ರ‍್ಯಾಮ್, 8 ಕೆಬಿ. ಮಕ್ಕಳು ಟ್ರಾಫಿಕ್ ಲೈಟ್, ಸ್ಟೆಪರ್ ಮೋಟಾರ್ ಎಲ್ಲಾ ಅದರಲ್ಲೇ ಓಡಿಸಿದರು.

ಈಗ ನಿನ್ನ ಮೋಟಾರಿಗೆ ಬರೋಣ. ಮೂರು ಫೇಸಿನ ವೋಲ್ಟೇಜ್, ಮೂರರ ಆಂಪಿಯರ್. ಆರು ರೀಡಿಂಗ್, ಒಂದಕ್ಕೆ 2 ಬೈಟ್, ಒಟ್ಟು 12. ಒಂದು ಫೇಸ್ ಹೋದರೆ ಅಥವಾ ನೀರು ನಿಂತು ಆಂಪಿಯರ್ ಇಳಿದರೆ ಮೋಟಾರ್ ಆಫ್ ಆಗಬೇಕು. ಕರೆಂಟ್ ಬಂದ ಮೇಲೆ ಸ್ವಲ್ಪ ಕಾದು ಆನ್ ಆಗಬೇಕು. ಇದಕ್ಕೆ ಬೇಕಾದ ಟೈಮರ್, ಫ್ಲಾಗ್ ಎಲ್ಲಾ ಸೇರಿದರೂ ನೂರು ಬೈಟ್ ದಾಟುವುದು ಕಷ್ಟ. ಮನೆಗೆ ಎಸ್ಸೆಮ್ಮೆಸ್ ಕಳಿಸಿದರೆ ಇನ್ನೊಂದು 160.

ಇಕ್ಕಟ್ಟಾಗುವುದು ದಾಖಲೆ ಇಡಲು ಹೋದಾಗ. ನಿಮಿಷಕ್ಕೊಂದು ರೀಡಿಂಗ್ ಅಂದರೆ ದಿನಕ್ಕೆ 1,440, ಅಂದರೆ 2,880 ಬೈಟ್. ರ‍್ಯಾಮ್ ಮುಗಿಯಿತು! ಹತ್ತು ನಿಮಿಷಕ್ಕೊಂದು ಸಾಕು, 288 ಬೈಟ್. ಅದನ್ನೂ ರ‍್ಯಾಮ್‌ನಲ್ಲಿ ಇಡಬೇಡ. ನಮ್ಮ ಕಡೆ ಕರೆಂಟ್ ಹೋಗುವುದೇ ಜಾಸ್ತಿ, ಹೋದರೆ ರ‍್ಯಾಮ್ ಖಾಲಿ. ಊನೋದಲ್ಲಿ ಕರೆಂಟ್ ಹೋದರೂ ಅಳಿಯದ 1 ಕೆಬಿ ಈಈಪ್ರಾಮ್ ಮೆಮೊರಿ ಇದೆ, ಅಲ್ಲಿ ಬರೆ.

ಇನ್ನೊಂದು ಕಡೆ ರ‍್ಯಾಮ್ ಗೊತ್ತಾಗದಂತೆ ಸೋರಿಹೋಗುತ್ತದೆ. ಕಂಪ್ಯೂಟರಿಗೆ ಸಂದೇಶ ಕಳಿಸುವ ಸೀರಿಯಲ್ ಪ್ರಿಂಟಿನಲ್ಲಿ ಬರೆಯುವ ಉದ್ದುದ್ದ ವಾಕ್ಯಗಳೆಲ್ಲ ರ‍್ಯಾಮಿಗೇ ಬಂದು ಕೂರುತ್ತವೆ. ಅವಕ್ಕೆ ಎಫ್ ಮ್ಯಾಕ್ರೋ ಹಾಕು, ಅಂದರೆ ವಾಕ್ಯವನ್ನು F( ) ಒಳಗೆ ಬರೆ. ಆಗ ಪ್ರೋಗ್ರಾಂ ಇರುವ ಫ್ಲ್ಯಾಶ್ ಮೆಮೊರಿಯಲ್ಲೇ ಉಳಿಯುತ್ತವೆ.

ಮುಂದೆ ಟೊಮೆಟೊ ಎಲೆಯ ಫೋಟೋ ತೆಗೆದು ರೋಗ ಗುರುತಿಸಬೇಕು ಅನ್ನಿಸಿದರೆ ಮಾತೇ ಬೇರೆ. 640×480 ಕಪ್ಪು ಬಿಳುಪು ಚಿತ್ರಕ್ಕೇ 3,07,200 ಬೈಟ್ ಬೇಕು. ದೊಡ್ಡ ಚಿಪ್ಪಿಗೆ ದುಡ್ಡು ಅವತ್ತು ಹಾಕು. ಈಗ ಉಳಿಯುವ ದುಡ್ಡಿಗೆ ಒಳ್ಳೆಯ ಕರೆಂಟ್ ಸೆನ್ಸರ್ ತಗೋ.