ಕಾನೂನು ಪ್ರಶ್ನೋತ್ತರ: ‘ಒಪ್ಪಿದೆ, ಆದರೆ...’ ಎಂದರೆ ಒಪ್ಪಿದಂತೆಯೇ?

ಪ್ರಶ್ನೆ: ಮಂಗಳೂರಿನ ಒಂದು ಕಂಪೆನಿಯಿಂದ ತಿಂಗಳಿಗೆ 32,000 ರೂಪಾಯಿಯ ಆಫರ್ ಲೆಟರ್ ಬಂತು. ‘ಒಪ್ಪಿದೆ, ಆದರೆ 36,000 ಆಗಬೇಕು’ ಎಂದು ಇಮೇಲ್ ಮಾಡಿದೆ. ‘ಬನ್ನಿ, ಸಂಬಳದ್ದು ಆಮೇಲೆ ನೋಡೋಣ’ ಎಂದರು ಎಚ್‌ಆರ್‌ನವರು. ಸೇರಿ ಎರಡು ತಿಂಗಳಾಯಿತು, ಬರುವುದು 32,000ದ ಲೆಕ್ಕವೇ. ಉಳಿದ 4,000 ಕೇಳಬಹುದೇ?
– ಓದುಗರು, ಉಪ್ಪಳ

ಉತ್ತರ: ಕೇಳಬಹುದು, ಹಕ್ಕೆಂದು ವಸೂಲು ಮಾಡುವುದು ಕಷ್ಟ. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಒಪ್ಪಿಗೆಗೆ ಷರತ್ತು ಇರಕೂಡದು. ‘ಆದರೆ’ ಸೇರಿತೋ, ಅದು ನಿಮ್ಮ ಕಡೆಯ ಹೊಸ ಪ್ರಸ್ತಾವ. ಕಂಪೆನಿಯ 32,000ದ ಪ್ರಸ್ತಾವವೂ ಅಲ್ಲಿಗೇ ಬಿದ್ದುಹೋಗುತ್ತದೆ; ಅವರು ಆಗ ಬೇರೆಯವರನ್ನು ತೆಗೆದುಕೊಂಡಿದ್ದರೂ ನೀವು ತಕರಾರು ಮಾಡುವಂತಿರಲಿಲ್ಲ. ‘ಆಮೇಲೆ ನೋಡೋಣ’ ಎಂಬುದರಲ್ಲಿ ಮೊತ್ತವೂ ಇಲ್ಲ, ತಾರೀಕೂ ಇಲ್ಲ. ಅರ್ಥ ನಿಶ್ಚಯವಾಗದ ಕರಾರು 29ನೇ ಸೆಕ್ಷನ್ ಮುಂದೆ ನಿಲ್ಲದು. ಎರಡು ತಿಂಗಳು ದುಡಿದು 32,000 ಪಡೆದಿರಿ, ನಡತೆಯಿಂದಲೇ ಒಪ್ಪಿದಿರಿ ಎಂದು ಕಂಪೆನಿ ವಾದಿಸುತ್ತದೆ. ಅದೇ ಮೊತ್ತದ ಅಪಾಯಿಂಟ್‌ಮೆಂಟ್ ಆರ್ಡರಿಗೆ ನೀವು ಸಹಿ ಹಾಕಿದ್ದರೆ ಅವರಿಗೆ ವಾದದ ಶ್ರಮವೂ ಇಲ್ಲ.

‘36,000 ಸರಿ, 1ನೇ ತಾರೀಕಿಗೆ ಬನ್ನಿ’ ಎಂದು ಉತ್ತರ ಬಂದಿದ್ದರೆ ಮಾತೇ ಬೇರೆ. ಮುಖ್ಯ ಅಂಶಗಳೆಲ್ಲ ಒಪ್ಪಿತವಾಗಿದ್ದರೆ, ಮುಂದೆ ಬರೆಯಬೇಕಾದ ಪತ್ರಕ್ಕೆ ಸಹಿ ಬೀಳದಿದ್ದರೂ ಇಮೇಲುಗಳೇ ಕರಾರು ಎಂದು ಟ್ರೈಮೆಕ್ಸ್–ವೇದಾಂತ ಪ್ರಕರಣದಲ್ಲಿ (2010) ಸುಪ್ರೀಂ ಕೋರ್ಟ್ ಹೇಳಿದೆ. ಅದು ಬಾಕ್ಸೈಟ್ ವ್ಯಾಪಾರದ ವ್ಯಾಜ್ಯ. ತತ್ವ ಸಂಬಳಕ್ಕೂ ಅದೇ. ಆಫರ್ ಲೆಟರಿನ ಬುಡದಲ್ಲಿ ‘ಆರ್ಡರ್ ಕೊಡುವ ತನಕ ಯಾವ ಬಾಧ್ಯತೆಯೂ ಇಲ್ಲ’ ಎಂಬ ಸಣ್ಣಕ್ಷರದ ಸಾಲಿದ್ದರೆ ಮಾತ್ರ ಈ ಬಲ ಸಿಗದು.

ಚೌಕಾಸಿಯಲ್ಲಿ ಮಾತು ಜೋಡಿಸುವ ರೀತಿ ನೋಡಿಕೊಳ್ಳಿ. ‘36,000 ಕೊಡಲು ಸಾಧ್ಯವೇ, ತಿಳಿಸಿ’ ಎಂಬುದು ಬರೀ ವಿಚಾರಣೆ, ಹಳೆಯ ಆಫರ್ ಉಳಿಯುತ್ತದೆ. ‘36,000 ಆದರೆ ಮಾತ್ರ’ ಎಂದರೆ ಉಳಿಯದು. ಮೊತ್ತ ಸಿಟಿಸಿಯೋ (ಪಿಎಫ್‌ನ ಕಂಪೆನಿ ಪಾಲೂ ಸೇರಿ ನಿಮಗಾಗಿ ಕಂಪೆನಿಗೆ ತಗಲುವ ಒಟ್ಟು ಖರ್ಚು) ಕೈಗೆ ಬರುವುದೋ ಎಂದೂ ಬರೆಯಿಸಿ. 36,000 ಸಿಟಿಸಿಯಲ್ಲಿ ಪಿಎಫ್ ಲೆಕ್ಕಕ್ಕೆ 15,000 ಹಿಡಿದರೆ, ಶೇ. 12ರಂತೆ ನಿಮ್ಮದು 1,800, ಕಂಪೆನಿಯದು 1,800. ಕೈಗೆ 32,400ಕ್ಕಿಂತ ಹೆಚ್ಚು ಬಾರದು!

ಈಗ ಹಳೆಯ ಇಮೇಲ್ ಜೋಡಿಸಿ, ‘36,000 ಯಾವ ತಾರೀಕಿನಿಂದ?’ ಎಂದು ಬರವಣಿಗೆಯಲ್ಲೇ ಕೇಳಿ. ತಾರೀಕು ಹಾಕಿ ಒಪ್ಪಿದರೆ ಅಲ್ಲಿಂದಾಚೆಗೆ ಅದೇ ಸಂಬಳ.

ಪ್ರಶ್ನೆ: ಮಂಗಳೂರಿನ ಕಂಪೆನಿಗೆ ಒಪ್ಪಿಗೆಯನ್ನು ಇಲ್ಲಿಂದ ಅಂಚೆಯಲ್ಲಿ ಕಳಿಸಿದರೆ ಕರಾರು ಎಲ್ಲಿ ಆದಂತೆ?
– ಓದುಗರು, ಮಂಜೇಶ್ವರ

ಉತ್ತರ: ಮಂಜೇಶ್ವರದಲ್ಲೇ. ಪತ್ರ ಅಂಚೆಗೆ ಬಿದ್ದ ಗಳಿಗೆಯಿಂದ ಕಂಪೆನಿ ಕಟ್ಟುಬಿದ್ದಂತೆ, ಸಂಬಳ ಇಳಿಸುವಂತಿಲ್ಲ (4 ಮತ್ತು 5ನೇ ಸೆಕ್ಷನ್). ತಲಪಾಡಿ ದಾಟಿ ಅದು ಅವರ ಕೈ ಸೇರುವ ಮುಂಚೆ ನೀವು ಫೋನ್ ಮಾಡಿ ಹಿಂತೆಗೆಯಬಹುದು. ಒಪ್ಪಿಗೆಯನ್ನೇ ಫೋನಿನಲ್ಲಿ ಹೇಳಿದರೆ ಮಾತ್ರ ಅದು ಕೇಳಿಸಿದ ಊರಿನಲ್ಲಿ, ಅಂದರೆ ಮಂಗಳೂರಿನಲ್ಲಿ, ಕರಾರು ಆಗುತ್ತದೆ. ಇದು ಸುಪ್ರೀಂ ಕೋರ್ಟಿನ ಭಗವಾನ್‌ದಾಸ್ ಕೇಡಿಯಾ ತೀರ್ಪು (1966). ಸ್ಪೀಡ್ ಪೋಸ್ಟಿನ ರಶೀದಿ ಜೋಪಾನ. ಆಫರಿನಲ್ಲಿ ‘ಮಂಗಳೂರು ಕೋರ್ಟಿನಲ್ಲಿ ಮಾತ್ರ’ ಎಂಬ ಷರತ್ತಿದ್ದರೆ ಕಾಸರಗೋಡಿನಲ್ಲಿ ದಾವೆ ಹೂಡುವ ಆಸೆ ಬಿಡಿ.